ತರಬೇತಿ ಮುಗಿದ ಮೇಲಿನ ಎರಡು ವರ್ಷ

ಕೇಳುಗರಿಗೆ ನಮಸ್ಕಾರ.

ಉದ್ಯೋಗ ಅರಸುವವರಿಗೆ ಸರ್ಕಾರದ ಖರ್ಚಿನಲ್ಲಿ ದೊರೆಯುವ ತರಬೇತಿಗಳು ಹಲವಿವೆ. ಅವುಗಳ ಹೆಸರನ್ನೆಲ್ಲ ಓದಿ ಹೇಳುವ ಬದಲು, ನಮ್ಮ ನಾಡಿನಲ್ಲಿಯೇ ಹುಟ್ಟಿ ದೇಶಕ್ಕೆಲ್ಲ ಮಾದರಿಯಾದ ಒಂದು ಪದ್ಧತಿಯನ್ನು ಕುರಿತು ಇಂದು ಮಾತನಾಡುತ್ತೇನೆ.

1982ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್‌ಗಳ ಸಹಭಾಗಿತ್ವದೊಂದಿಗೆ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಗ್ರಾಮೀಣ ನಿರುದ್ಯೋಗಿಗಳಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸಿ ಸ್ವಂತ ಉದ್ಯೋಗಕ್ಕೆ ಅಣಿಗೊಳಿಸುವುದು ಅದರ ಉದ್ದೇಶ. ಈ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಕೈಗೆತ್ತಿಕೊಂಡು, ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆ ರೂಪಿಸಿತು. ಆರ್‌ಸೆಟಿ ಎಂದು ನಾವು ಕರೆಯುವುದು ಇವನ್ನೇ. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದ ಅನುದಾನ, ನಡೆಸುವ ಹೊಣೆ ಬ್ಯಾಂಕಿನದು. ಬಡ ಗ್ರಾಮೀಣ ಅಭ್ಯರ್ಥಿಗಳ ತರಬೇತಿಯ ವೆಚ್ಚವನ್ನು ಸಚಿವಾಲಯವು ಬ್ಯಾಂಕಿಗೆ ಮರುಪಾವತಿ ಮಾಡುತ್ತದೆ.

ಇಲ್ಲಿ ಹೊಲಿಗೆ, ಹೈನುಗಾರಿಕೆ, ಮೊಬೈಲ್ ದುರಸ್ತಿ, ಮನೆಯ ವೈರಿಂಗ್, ಜೇನು ಸಾಕಣೆ, ಛಾಯಾಗ್ರಹಣ ಮುಂತಾದ ಕಸುಬುಗಳನ್ನು ಕೆಲವು ದಿನಗಳಿಂದ ಆರೇಳು ವಾರಗಳವರೆಗೆ ಕಲಿಸುತ್ತಾರೆ. ಇಷ್ಟು ಕಡಿಮೆ ಅವಧಿಯಲ್ಲಿ ಯಾರೂ ನುರಿತ ಕುಶಲಕರ್ಮಿಯಾಗಲಾರರು ಎಂಬ ಆಕ್ಷೇಪ ನ್ಯಾಯವಾದದ್ದೇ. ಅಂಥ ಪರಿಣತಿ ಬೇಕಾದವರಿಗೆ ಐಟಿಐ ಇದೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕಲಿಯುವ ಅವಕಾಶವೂ ಇದೆ. ಆದರೆ ದಿನಗೂಲಿಯ ಮನೆಯಿಂದ ಬಂದವರಿಗೆ ವರ್ಷಗಟ್ಟಲೆ ದುಡಿಮೆ ಬಿಟ್ಟು ಕೂರುವುದು ಸಾಧ್ಯವಿಲ್ಲ. ಉಚಿತ ಊಟ, ವಸತಿಯನ್ನು ಕೆಲವರು ಆಮಿಷವೆಂದು ಆಡಿಕೊಳ್ಳುವುದುಂಟು. ಆ ವ್ಯವಸ್ಥೆ ಇಲ್ಲದಿದ್ದರೆ ತರಗತಿಯಲ್ಲಿ ಕೊನೆಗೆ ಉಳಿಯುವವರು ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಎಂಬುದನ್ನು ಅವರು ಗಮನಿಸುವುದಿಲ್ಲ.

ಕಸುಬಿನ ಜೊತೆಗೆ ಇಲ್ಲಿ ವ್ಯವಹಾರವನ್ನೂ ಕಲಿಸುತ್ತಾರೆ: ಸರಕಿನ ಬೆಲೆ ಕಟ್ಟುವುದು, ಲೆಕ್ಕ ಬರೆಯುವುದು, ಬ್ಯಾಂಕಿಗೆ ಯೋಜನಾ ವರದಿ ಸಿದ್ಧಪಡಿಸುವುದು. ಪ್ರತಿ ಬೆಳಿಗ್ಗೆ ಶಿಬಿರಾರ್ಥಿಗಳು ಹಿಂದಿನ ದಿನ ಕಲಿತದ್ದನ್ನು ಎದ್ದುನಿಂತು ಹೇಳಬೇಕು. ನಾಲ್ಕು ಜನರೆದುರು ಬಾಯಿ ಬಿಡಲು ಅಂಜುತ್ತಿದ್ದವರು ನಾಳೆ ಗಿರಾಕಿಯೊಡನೆ, ಬ್ಯಾಂಕಿನ ವ್ಯವಸ್ಥಾಪಕರೊಡನೆ ಮಾತನಾಡಬೇಕಲ್ಲವೆ?

ಇಷ್ಟಾದರೂ ಈ ಪದ್ಧತಿಯ ನಿಜವಾದ ಬಲವಿರುವುದು ತರಬೇತಿ ಮುಗಿದ ಮೇಲಿನ ಎರಡು ವರ್ಷಗಳ ಅನುಸರಣೆಯಲ್ಲಿ. ಅಂಗಡಿ ತೆರೆದರೋ ಇಲ್ಲವೋ, ಸಾಲದ ಅರ್ಜಿ ಎಲ್ಲಿ ನಿಂತಿದೆ, ಯಂತ್ರ ಕೊಂಡವರು ಕಂತು ಕಟ್ಟುವಷ್ಟು ಸಂಪಾದಿಸುತ್ತಿದ್ದಾರೆಯೇ ಎಂದು ಸಂಸ್ಥೆಯವರು ವಿಚಾರಿಸಬೇಕು. ಪ್ರಮಾಣಪತ್ರ ಹಂಚಿದ ದಿನವೇ ಲೆಕ್ಕ ಮುಗಿಸುವ ಯೋಜನೆಗಳಿಗೂ ಇದಕ್ಕೂ ಇರುವ ಅಂತರ ಇದೇ. ಎಷ್ಟು ಜನ ತರಬೇತಿ ಪಡೆದರು ಎಂಬ ಸಂಖ್ಯೆ ವಾರ್ಷಿಕ ವರದಿಗೆ ಶೋಭೆ ತರಬಹುದು. ಎಷ್ಟು ಜನ ಎರಡು ವರ್ಷದ ನಂತರವೂ ಅದೇ ಕಸುಬಿನಲ್ಲಿ ಉಳಿದರು ಎಂಬುದನ್ನೇ ಸರ್ಕಾರ ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಸ್ವಂತ ಉದ್ಯೋಗದ ಹೊಣೆ ಬೇಡ, ಸಂಬಳದ ಕೆಲಸ ಸಿಕ್ಕರೆ ಸಾಕು ಎನ್ನುವ ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ಅಲ್ಲಿ ತರಬೇತಿ ನೀಡುವ ಸಂಸ್ಥೆಗೇ ಕೆಲಸ ಕೊಡಿಸುವ ಹೊಣೆಯೂ ಇರುತ್ತದೆ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಯಲ್ಲಿ ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ದೊರೆಯುತ್ತದೆ. ಆ ಅವಧಿಯಲ್ಲಿ ಒಂದು ಕೌಶಲವನ್ನೂ ಕಲಿತುಕೊಳ್ಳುವುದು ಜಾಣತನ.

ಆರ್‌ಸೆಟಿಗೆ ಸೇರಬಯಸುವವರು 18 ವರ್ಷ ತುಂಬಿದವರಾಗಿರಬೇಕು. ಆಧಾರ್, ಪಡಿತರ ಚೀಟಿ, ಭಾವಚಿತ್ರಗಳೊಂದಿಗೆ ತಮ್ಮ ಜಿಲ್ಲೆಯ ಕೇಂದ್ರಕ್ಕೆ ನೇರವಾಗಿ ಹೋಗಬಹುದು. ವಿಳಾಸ ತಿಳಿಯದಿದ್ದರೆ ಲೀಡ್ ಬ್ಯಾಂಕಿನ, ಅಂದರೆ ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ನೋಡಿಕೊಳ್ಳುವ ಬ್ಯಾಂಕಿನ ಕಚೇರಿಯಲ್ಲಿ ವಿಚಾರಿಸಬಹುದು. ಶುಲ್ಕವೇನೂ ಇಲ್ಲವಾದ್ದರಿಂದ, ಸೀಟು ಕೊಡಿಸುವುದಾಗಿ ಹೇಳಿ ಹಣ ಕೇಳುವವರು ಎದುರಾದರೆ ಅವರಿಗೆ ಒಂದು ಪೈಸೆಯನ್ನೂ ಕೊಡದೆ ಸಂಸ್ಥೆಯ ನಿರ್ದೇಶಕರಿಗೆ ತಿಳಿಸಿ.