ಆರು ವರ್ಷ ಕಟ್ಟಿ, ಅಲ್ಲೇ ಬಿಟ್ಟುಬಂದ ದುಡ್ಡು

ಅಮೆರಿಕದಲ್ಲಿ ಹೆಚ್-1ಬಿ ಉದ್ಯೋಗ ವೀಸಾ ಮೇಲೆ ದುಡಿಯುತ್ತಿರುವವರು ಒಮ್ಮೆ ಪೇ ಸ್ಲಿಪ್ ತೆಗೆದು ನೋಡಿ. ಸೋಶಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪಿಂಚಣಿ ಯೋಜನೆ) ಎಂಬ ಸಾಲಿನಲ್ಲಿ ಸಂಬಳದ ಶೇ. 6.2 ಕಡಿತವಾಗಿರುತ್ತದೆ. ಕಂಪನಿಯೂ ಅಷ್ಟೇ ಕಟ್ಟುತ್ತದೆ. ವರ್ಷಕ್ಕೆ 1,20,000 ಡಾಲರ್ ಸಂಬಳವಿದ್ದರೆ ನಿಮ್ಮ ಪಾಲು 7,440, ಕಂಪನಿಯದೂ 7,440. ಆರು ವರ್ಷದ ವೀಸಾ ಮುಗಿಸಿ ಬೆಂಗಳೂರಿನ ವಿಮಾನ ಹತ್ತುವ ಹೊತ್ತಿಗೆ ಒಟ್ಟು 89,280 ಡಾಲರ್ ಅಲ್ಲಿ ಸೇರಿರುತ್ತದೆ. ನಮ್ಮ ಪಿಎಫ್ ಥರ ಫಾರ್ಮ್ ತುಂಬಿ ಅದನ್ನು ವಾಪಸ್ ಪಡೆಯುವ ದಾರಿಯೇ ಇಲ್ಲ.

ಇಷ್ಟಾದರೂ, ವಲಸೆ ಬಂದವರು ನಮ್ಮ ಪಿಂಚಣಿ ನಿಧಿ ಬರಿದು ಮಾಡುತ್ತಿದ್ದಾರೆ ಎಂಬ ಮಾತು ಅಲ್ಲಿ ನಿಂತಿಲ್ಲ. ಆ ಮಾತು ತಪ್ಪು. ಇವತ್ತು ದುಡಿಯುವವರಿಂದ ಕಡಿತವಾದದ್ದೇ ಇವತ್ತಿನ ಹಿರಿಯರ ಕೈಗೆ ಹೋಗುತ್ತದೆ. 1960ರಲ್ಲಿ ಒಬ್ಬ ಫಲಾನುಭವಿಗೆ ಐದು ಮಂದಿ ದುಡಿಯುತ್ತಿದ್ದರು, ಈಗ ಮೂರು ಮಂದಿಯೂ ಇಲ್ಲ. ಈ ನಿಧಿಯ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತಿ ನಿಧಿಯ ಗಂಟು 2033ಕ್ಕೆ ಕರಗುತ್ತದೆ. ಆಮೇಲೆ ಬರುವ ತೆರಿಗೆಯಲ್ಲಿ ಪಿಂಚಣಿಯ ಶೇ. 77ರಷ್ಟನ್ನು ಮಾತ್ರ ಕೊಡಲು ಸಾಧ್ಯ. ವಲಸಿಗರು ಹೆಚ್ಚು ಬಂದಷ್ಟೂ ಈ ಕೊರತೆ ತಗ್ಗುತ್ತದೆ, ಏಕೆಂದರೆ ಬರುವವರು ಹೆಚ್ಚಿನವರು ದುಡಿಯುವ ವಯಸ್ಸಿನವರು. ದಾಖಲೆಯಿಲ್ಲದೆ ದುಡಿಯುವವರ ಸ್ಥಿತಿಯಂತೂ ಇನ್ನೂ ಕಠೋರ. ಹೆಸರಿಗೂ ಸೋಶಿಯಲ್ ಸೆಕ್ಯುರಿಟಿ ನಂಬರಿಗೂ ತಾಳೆಯಾಗದ ಅವರ ಸಂಬಳದ ವಿವರ ಪ್ರತ್ಯೇಕ ಕಡತದಲ್ಲಿ ಬಿದ್ದಿರುತ್ತದೆ, ತೆರಿಗೆ ಮಾತ್ರ ನಿಧಿ ಸೇರುತ್ತದೆ. 2010ರಲ್ಲಿ ಹೀಗೆ ನಿಧಿಗಾದ ನಿವ್ವಳ ಲಾಭ ಸುಮಾರು 1,200 ಕೋಟಿ ಡಾಲರ್ ಎಂದು ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಲೆಕ್ಕತಜ್ಞರೇ ಅಂದಾಜು ಮಾಡಿದ್ದರು. ಹಾಗೆಂದು ವಲಸೆಯೊಂದರಿಂದಲೇ ಕೊರತೆ ಪೂರ್ತಿ ತುಂಬುವುದಿಲ್ಲ. ಅಲ್ಲೇ ನೆಲೆಸಿದವರು ಮುಂದೆ ಪಿಂಚಣಿ ಪಡೆಯುತ್ತಾರೆ, ಅದು ಅವರ ಹಕ್ಕು.

ನನ್ನ ಸಿಟ್ಟು ಇರುವುದು 40 ಕ್ರೆಡಿಟ್ ನಿಯಮದ ಮೇಲೆ. ಕ್ರೆಡಿಟ್ ಎಂದರೆ ಪಿಂಚಣಿಯ ಅರ್ಹತೆಗಾಗಿ ದುಡಿದು ಗಳಿಸುವ ಅಂಕ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಕ್ರೆಡಿಟ್. 39 ಇದ್ದರೆ ನಿವೃತ್ತಿ ಪಿಂಚಣಿ ಸೊನ್ನೆ. 40 ಆದರೆ? ಹತ್ತು ವರ್ಷದ 12 ಲಕ್ಷ ಡಾಲರ್ ಗಳಿಕೆಯನ್ನು 35 ವರ್ಷದ 420 ತಿಂಗಳಿಗೆ ಹಂಚಿ, ತಿಂಗಳಿಗೆ 2,857. 2025ರ ಸೂತ್ರದಲ್ಲಿ ಮೊದಲ 1,226ರ ಶೇ. 90, ಉಳಿದದ್ದರ ಶೇ. 32. ಅಂದರೆ 67ನೇ ವಯಸ್ಸಿನಿಂದ ತಿಂಗಳಿಗೆ ಸುಮಾರು 1,625 ಡಾಲರ್. ಒಂದೇ ಒಂದು ಕ್ರೆಡಿಟ್‌ನ ವ್ಯತ್ಯಾಸ ಇದು. ಭಾರತಕ್ಕೆ ಮರಳಿ ನೆಲೆಸಿದ ಭಾರತೀಯ ಪ್ರಜೆಗೂ ಇದು ಸಿಗುತ್ತದೆ, ಶೇ. 25.5 ತೆರಿಗೆ ಮುರಿದುಕೊಂಡು.

ಹಲವರು ಎಡವುವುದು ವರ್ಷ ಎಣಿಸುವಾಗ. ಕ್ರೆಡಿಟ್‌ಗೆ ತಿಂಗಳುಗಳ ಲೆಕ್ಕವಿಲ್ಲ, ಆ ಕ್ಯಾಲೆಂಡರ್ ವರ್ಷದ ಗಳಿಕೆಯೇ ಲೆಕ್ಕ. 2025ರಲ್ಲಿ 7,240 ಡಾಲರ್ ಗಳಿಸಿದರೆ ನಾಲ್ಕೂ ಕ್ರೆಡಿಟ್ ನಿಮ್ಮವು. 2025ರ ಅಕ್ಟೋಬರ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ ಆ ಮೂರು ತಿಂಗಳಲ್ಲೇ ಒಂದು ವರ್ಷದ ಕ್ರೆಡಿಟ್ ಬರುತ್ತದೆ. ಗ್ರೀನ್ ಕಾರ್ಡ್ ಅರ್ಜಿಯ ಮೇಲೆ ವೀಸಾ ವಿಸ್ತರಣೆಯಾಗಿ 2034ರ ಮೊದಲ ಕೆಲ ತಿಂಗಳವರೆಗೆ ಅಲ್ಲಿದ್ದರೂ ಹತ್ತು ವರ್ಷ ತುಂಬುತ್ತದೆ, ನಿಜವಾದ ದುಡಿಮೆ ಎಂಟೂವರೆ ವರ್ಷ. 2033ರ ಡಿಸೆಂಬರ್‌ನಲ್ಲೇ ಗಂಟುಮೂಟೆ ಕಟ್ಟಿದರೆ 36ಕ್ಕೆ ನಿಂತಿತು. ಎಫ್-1 ವಿದ್ಯಾರ್ಥಿ ವೀಸಾ ಮೇಲೆ ಒಪಿಟಿ (ಓದಿನ ನಂತರದ ತಾತ್ಕಾಲಿಕ ಕೆಲಸ) ಮಾಡಿದ ಕಾಲದಲ್ಲಿ ಸಾಮಾನ್ಯವಾಗಿ ಈ ಕಡಿತ ಇರುವುದಿಲ್ಲ, ಅದನ್ನು ಎಣಿಸಿಕೊಳ್ಳಬೇಡಿ. ಗಳಿಸಿದ ಕ್ರೆಡಿಟ್ ಮಾತ್ರ ಅಳಿಸಿಹೋಗುವುದಿಲ್ಲ, ಮುಂದೆ ಮತ್ತೆ ಹೋದರೆ ಅಲ್ಲಿಂದಲೇ ಮುಂದುವರಿಯುತ್ತದೆ.

ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿದ್ದರೆ ಇಷ್ಟೆಲ್ಲ ಗುಣಾಕಾರ ಬೇಕಿರಲಿಲ್ಲ. ಜರ್ಮನಿ, ಫ್ರಾನ್ಸ್, ಜಪಾನ್ ಜೊತೆ ಭಾರತಕ್ಕೆ ಅಂಥದ್ದಿದೆ, ಅಮೆರಿಕದ ಜೊತೆ ಇಲ್ಲ. ಅಮೆರಿಕದ ಒಪ್ಪಂದಗಳಲ್ಲಿ ಅಲ್ಲಿನ ಆರು ಕ್ರೆಡಿಟ್ ಇದ್ದರೆ ಸಾಕು, ತಾಯ್ನಾಡಿನ ಸೇವೆಯನ್ನು ಕೂಡಿಸಿ ಅರ್ಹತೆ ನೋಡುತ್ತಾರೆ. ವ್ಯಾಪಾರ ಮಾತುಕತೆಗೆ ಕೂರುವ ನಮ್ಮವರು ಈ ಬೇಡಿಕೆಯನ್ನು ಪಟ್ಟಿಯ ತಳಕ್ಕೆ ತಳ್ಳಬಾರದು.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಸೋಶಿಯಲ್ ಸೆಕ್ಯುರಿಟಿಯ ಆನ್‌ಲೈನ್ ಖಾತೆ ತೆರೆದು, ಪ್ರತಿ ವರ್ಷದ ಗಳಿಕೆಯನ್ನು ಕಂಪನಿ ಕೊಡುವ ವಾರ್ಷಿಕ ಸಂಬಳ-ತೆರಿಗೆ ಪತ್ರ ಡಬ್ಲ್ಯೂ-2ರ ಮೂರನೇ ಬಾಕ್ಸ್ ಜೊತೆ ತಾಳೆ ನೋಡಿ. ತಪ್ಪಿದ್ದರೆ ತಿದ್ದಿಸಲು ಆ ವರ್ಷ ಮುಗಿದ ಮೇಲೆ ಸಿಗುವ ಗಡುವು 3 ವರ್ಷ, 3 ತಿಂಗಳು, 15 ದಿನ.