‘ನನಗೆ ಬಿಪಿ ಇಲ್ಲ’ ಅನ್ನುವವರಿಗೆ

(ಸ್ಕ್ರೀನ್ ಮೇಲೆ: ‘ನನ್ನ ಬಿಪಿ ಏರಿಸಬೇಡ!’)

ನಮಸ್ಕಾರ. ಸಿಟ್ಟು ಬಂದಾಗ ಹೀಗನ್ನುವವರನ್ನು ನೋಡಿರುತ್ತೀರಿ. ‘ನನಗೆ ಬಿಪಿ ಗಿಪಿ ಏನೂ ಇಲ್ಲಪ್ಪ’ ಅನ್ನುವವರೂ ಇದ್ದಾರೆ. ಬಿಪಿನೇ ಇಲ್ಲ ಅಂದರೆ ಮನುಷ್ಯ ಬದುಕಿರುವುದಿಲ್ಲ, ಅಲ್ವಾ? ಬಿಪಿ ಅಂದರೆ ರಕ್ತದ ಒತ್ತಡ. ಎಲ್ಲರಿಗೂ ಇರುತ್ತದೆ. ಅದು ಜಾಸ್ತಿ ಆಗಿ, ಜಾಸ್ತಿಯಾಗಿಯೇ ಉಳಿದರೆ ಕಾಯಿಲೆ.

ಸುಮ್ನೆ ಪದ ಹಿಡಿದು ಜಗ್ಗುತ್ತಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಈ ಕಾಯಿಲೆಗೆ ಇಂಗ್ಲಿಷಿನಲ್ಲಿ ‘ಹೈಪರ್‌ಟೆನ್ಷನ್’ ಅಂತಾರೆ. ಹಾಗಂದ ತಕ್ಷಣ ಕಿವಿಗೆ ಬೀಳುವುದು ‘ಟೆನ್ಷನ್’. ನನಗೆ ಯಾವ ಟೆನ್ಷನ್ನೂ ಇಲ್ಲ, ಹಾಗಾಗಿ ಬಿಪಿಯೂ ಬರಲ್ಲ ಅಂತ ಲೆಕ್ಕ ಹಾಕುತ್ತೇವೆ. ಸಿಟ್ಟಿನಲ್ಲಿ ಒತ್ತಡ ಏರುವುದು ನಿಜ. ಸಮಾಧಾನವಾದ ಮೇಲೆ ಇಳಿಯುತ್ತದೆ. ಆರಾಮಾಗಿ ಕೂತಿದ್ದಾಗಲೂ, ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಕಾಯಿಲೆ. ಮೊದಲ ಸಂಖ್ಯೆ ಹೃದಯ ರಕ್ತ ತಳ್ಳುವಾಗಿನ ಒತ್ತಡ, ಎರಡನೆಯದು ಬಡಿತಗಳ ನಡುವೆ ಹೃದಯ ಸಡಿಲವಾದಾಗಿನದು. ತುಂಬಾ ಶಾಂತ ಸ್ವಭಾವದವರಿಗೂ ಬರುತ್ತದೆ.

ನೋವಾದರೂ ಇದ್ದಿದ್ದರೆ ಗೊತ್ತಾಗುತ್ತಿತ್ತು. ಬಹಳ ಜನರಿಗೆ ಏನೂ ಅನ್ನಿಸುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, 2024ರಲ್ಲಿ 30ರಿಂದ 79 ವಯಸ್ಸಿನ ಸುಮಾರು 140 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇತ್ತು. ಅವರಲ್ಲಿ ಸುಮಾರು 60 ಕೋಟಿ ಜನರಿಗೆ ಅದು ಗೊತ್ತೇ ಇರಲಿಲ್ಲ.

(ಸ್ಕ್ರೀನ್ ಮೇಲೆ: 1937 – 162/98)

ಇದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಿಪಿ. ವಯಸ್ಸಾದಂತೆ ಒತ್ತಡ ಏರುವುದು ಸಹಜ ಅಂತ ಆಗಿನ ಬಹಳಷ್ಟು ವೈದ್ಯರೇ ನಂಬಿದ್ದರು. 1941ರಲ್ಲಿ 188/105 ಆಯಿತು. 1945ರ ಏಪ್ರಿಲ್ 12ರಂದು ತಲೆ ವಿಪರೀತ ನೋಯುತ್ತಿದೆ ಅಂದವರು ಕುಸಿದರು. ಮಿದುಳಿನಲ್ಲಿ ರಕ್ತಸ್ರಾವ. ಆಗ ಬಿಪಿ 300/190! ಅವತ್ತೇ ತೀರಿಕೊಂಡರು. ಆಮೇಲೆ ವೈದ್ಯರ ಆ ನಂಬಿಕೆ ಬದಲಾಯಿತು. ಆದರೆ ‘ವಯಸ್ಸಾಯ್ತಲ್ಲ, ಸ್ವಲ್ಪ ಜಾಸ್ತಿ ಇರುತ್ತೆ ಬಿಡಿ’ ಅನ್ನುವ ಮಾತು ಇನ್ನೂ ಹೋಗಿಲ್ಲ.

ಎಷ್ಟಿದ್ದರೆ ಕಾಯಿಲೆ ಅನ್ನುವ ವೈದ್ಯರ ಗೆರೆಯೂ ಒಂದೇ ಕಡೆ ನಿಂತಿಲ್ಲ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು ಅದನ್ನು 140/90ರಿಂದ 130/80ಕ್ಕೆ ಇಳಿಸಿದರು. ಒಂದೇ ರೀಡಿಂಗ್ ನೋಡಿ ಒಬ್ಬರು ಪರವಾಗಿಲ್ಲ ಅಂದು, ಇನ್ನೊಬ್ಬರು ಜಾಸ್ತಿ ಅಂದರೆ ಜನ ಯಾರನ್ನು ನಂಬಬೇಕು? ಅನುಮಾನ ಬರುವುದು ತಪ್ಪಲ್ಲ.

ಮಾತ್ರೆಯ ಕಥೆಯೂ ಇಂಥದ್ದೇ. ಬಿಪಿ ಇಳಿದ ತಕ್ಷಣ ವಾಸಿಯಾಯ್ತು ಅಂತ ತಾವಾಗಿಯೇ ನಿಲ್ಲಿಸುತ್ತಾರೆ. ಇಳಿದಿದ್ದು ಮಾತ್ರೆಯಿಂದಲೇ.

ಇನ್ನು ಅಳೆಯುವಾಗ: ಮೊದಲು ಐದು ನಿಮಿಷ ಒರಗಿ ಕೂತಿರಿ. ಕೈ ಎದೆಯ ಮಟ್ಟದಲ್ಲಿರಲಿ. ಮಾತು ಬೇಡ, ಮಾತಾಡಿದರೂ ಏರುತ್ತದೆ. ‘ನಾರ್ಮಲ್ ಇದೆ’ ಅಂತ ಹೇಳಿ ಕಳಿಸಿದರೆ ಎದ್ದು ಬರಬೇಡಿ. ‘ಎಷ್ಟಿದೆ?’ ಅಂತ ಕೇಳಿ, ಎರಡೂ ಸಂಖ್ಯೆ ಬರೆದುಕೊಳ್ಳಿ.