ಆಗರದ ಕೆಂಪು ನೀರಿನ ಜೀವಿ ಬ್ಯಾಕ್ಟೀರಿಯಾ ಅಲ್ಲ

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನಿಂತು ಮಾಡಿದ ವಿಡಿಯೋ ನೋಡಿದ್ದೀರಿ ತಾನೇ? ಉಪ್ಪಿನಂಶ ವಿಪರೀತ ಏರಿದಾಗ ಆಗರಗಳ ನೀರು ಕೆಂಪಾಗುವುದಕ್ಕೆ ಆರ್ಕಿಯಾ ಎಂಬ ಏಕಕೋಶ ಜೀವಿಗಳೂ ಕಾರಣ ಅಂತ ಹೇಳಿದ್ದೆ. ಅದಕ್ಕೊಂದು ಕಾಮೆಂಟ್ ಬಂದಿದೆ: "ಬ್ಯಾಕ್ಟೀರಿಯಾನೇ ಅಲ್ವಾ, ಸುಮ್ನೆ ಯಾಕೆ ಬೇರೆ ಹೆಸರು?" ಲೈಕ್ ಬೇರೆ ಜಾಸ್ತಿ ಬಿದ್ದಿದೆ!

ಅಲ್ಲ ಮಾರಾಯ್ರೇ, ಬ್ಯಾಕ್ಟೀರಿಯಾ ಅಲ್ಲ. 1977ರಲ್ಲೇ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ವಿಜ್ಞಾನಿಗಳು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಇದು ಬೇರೆಯೇ ವಂಶ ಅಂತ ತೋರಿಸಿದ್ದಾರೆ. ನೋಡಲು ಎರಡೂ ಒಂದೇ ಥರ ಇವೆಯಲ್ಲ ಅಂತೀರಾ? ಹಾವುಮೀನನ್ನು ಹಾವು ಅಂತ ಇಲ್ಲಿನ ಮೀನು ಮಾರ್ಕೆಟ್‌ನಲ್ಲಿ ಹೇಳಿ ನೋಡಿ.

ಒಳಗೆ ಜೀನ್ ಓದುವ ಕೆಲಸ ಹೇಗೆ ನಡೆಯುತ್ತದೆ, ಅದನ್ನು ನೋಡಬೇಕು. ಬ್ಯಾಕ್ಟೀರಿಯಾದಲ್ಲಿ ಓದು ಎಲ್ಲಿಂದ ಶುರು ಅಂತ ಗುರುತಿಸುವುದು ಸಿಗ್ಮಾ ಪ್ರೋಟೀನ್. ಆರ್ಕಿಯಾದಲ್ಲಿ ಸಿಗ್ಮಾ ಇಲ್ಲವೇ ಇಲ್ಲ, ಅಲ್ಲಿರುವುದು ಟಿಬಿಪಿ ಮತ್ತು ಟಿಎಫ್‌ಬಿ ಎಂಬ ಪ್ರೋಟೀನುಗಳು, ಅಂದರೆ ನಿಮ್ಮ ನನ್ನ ಜೀವಕೋಶದಲ್ಲಿ ಇರುವಂಥವೇ. ಆರ್‌ಎನ್‌ಎ ಪಾಲಿಮರೇಸ್, ಅಂದರೆ ಜೀನ್ ಓದುವ ಯಂತ್ರ ಕೂಡ ನಮ್ಮದರಂತೆ ಹನ್ನೆರಡರ ಆಸುಪಾಸು ಭಾಗಗಳದ್ದು. ಬ್ಯಾಕ್ಟೀರಿಯಾದ ಮುಖ್ಯ ಯಂತ್ರಕ್ಕೆ 5 ಸಾಕು.

ಡಿಎನ್‌ಎ ಸುತ್ತಿಡುವ ಹಿಸ್ಟೋನ್ ಪ್ರೋಟೀನಿನ ವಿಷಯ ಕೇಳಿ, ನನಗೆ ಇದೇ ಬಹಳ ಇಷ್ಟ. ನಮ್ಮಲ್ಲಿ 8 ಹಿಸ್ಟೋನ್ ಸೇರಿ ಒಂದು ಗುಂಪು, ಅದರ ಸುತ್ತ ಡಿಎನ್‌ಎಯ 147 ಜೋಡಿ ಅಕ್ಷರ ಸುತ್ತಿಕೊಂಡಿರುತ್ತದೆ. 1990ರಲ್ಲಿ ಬಿಸಿನೀರ ಬುಗ್ಗೆಯ ಮೆಥನೋಥರ್ಮಸ್ ಫರ್ವಿಡಸ್ ಎಂಬ ಆರ್ಕಿಯಾದಲ್ಲೂ ಹಿಸ್ಟೋನ್ ಇರುವುದು ಗೊತ್ತಾಯಿತು. ಬಾಲವಿಲ್ಲದ ಪುಟ್ಟ ಹಿಸ್ಟೋನ್. ಅದು ಎಂಟಕ್ಕೆ ನಿಲ್ಲುವುದೂ ಇಲ್ಲ, ಒಂದರ ಪಕ್ಕ ಒಂದು ಕೂಡುತ್ತಾ ಉದ್ದಕ್ಕೆ ಬೆಳೆಯಬಲ್ಲದು ಅಂತ 2017ರಲ್ಲಿ ಅದರ ರಚನೆಯನ್ನೇ ಬಿಡಿಸಿ ತೋರಿಸಿದರು. ನ್ಯೂಕ್ಲಿಯಸ್ಸೇ ಇಲ್ಲದ ಜೀವಿ ನಮ್ಮ ಹಾಗೆ ಡಿಎನ್‌ಎ ಸುತ್ತಿ ಇಡುತ್ತದೆ! ಇನ್ನೂ ಬ್ಯಾಕ್ಟೀರಿಯಾ ಅನ್ನುತ್ತೀರಾ?

ಹೌದು, ಎಲ್ಲ ಆರ್ಕಿಯಾದಲ್ಲೂ ಹಿಸ್ಟೋನ್ ಇಲ್ಲ. ಹೌದು, ಕೆಲವು ಬ್ಯಾಕ್ಟೀರಿಯಾದಲ್ಲೂ ಹಿಸ್ಟೋನ್ ಸಿಕ್ಕಿದೆ. ಜೀನನ್ನು ತಡೆಯುವ, ಎಬ್ಬಿಸುವ ಪ್ರೋಟೀನುಗಳು ಆರ್ಕಿಯಾದಲ್ಲಿ ಹೆಚ್ಚಾಗಿ ಬ್ಯಾಕ್ಟೀರಿಯಾ ಥರದ್ದೇ, ಅದೂ ಗೊತ್ತು. ಆದರೆ ಏನಂತೆ? ಓದುವ ಯಂತ್ರ ಯಾರದ್ದು ಹೇಳಿ ನೋಡೋಣ! ನಮ್ಮ ಕಡೆಯದ್ದು. ಬ್ಯಾಕ್ಟೀರಿಯಾ ಅಲ್ಲ, ಅಲ್ಲ, ಅಲ್ಲವೇ ಅಲ್ಲ.

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಶಿರಸಿ, ಕುಮಟಾ, ಅಂಕೋಲಾ ಕಡೆಯ ಮೇಷ್ಟ್ರುಗಳಿಗೆಲ್ಲ ಕಳಿಸಿ, ಮಕ್ಕಳು ಸರಿಯಾಗಿ ಕಲಿಯಲಿ. ಮುಂದಿನ ವಿಡಿಯೋ 2015ರಲ್ಲಿ ಜಗತ್ತಿಗೆ ಗೊತ್ತಾದ ಲೋಕಿಆರ್ಕಿಯಾ ಬಗ್ಗೆ, ನಮಗೆ ಇನ್ನೂ ಹತ್ತಿರದ ನೆಂಟರು ಅವರು. ಅದರ ಕೆಳಗೂ ಯಾರಾದರೂ ಬ್ಯಾಕ್ಟೀರಿಯಾ ಅಂತ ಬರೆದರೆ ಉತ್ತರ ಕೊಡುತ್ತೇನೆ, ಎಷ್ಟು ಸಲ ಬರೆದರೂ ಕೊಡುತ್ತೇನೆ.